ನಮ್ಮೊಬ್ಬರಿಂದ ಏನಾದೀತು?

ಒಂದು ಲಕ್ಷ ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರಿದರೆ ಭೂಮಿಯ ಸರಾಸರಿ ತಾಪಮಾನ ಸುಮಾರು 0.45 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಹವಾಮಾನ ವಿಜ್ಞಾನಿಗಳ ಅಂತರರಾಷ್ಟ್ರೀಯ ಮಂಡಳಿಯಾದ ಐಪಿಸಿಸಿ 2021ರಲ್ಲಿ ಕೊಟ್ಟ ಅಂದಾಜು ಇದು. ಭಾರತ ಒಂದು ವರ್ಷದಲ್ಲಿ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ಸಿಮೆಂಟುಗಳ ಮೂಲಕ ಹೊರಬಿಡುವುದು ಹತ್ತಿರ ಹತ್ತಿರ 300 ಕೋಟಿ ಟನ್. ಲೆಕ್ಕ ಹಾಕಿದರೆ ನಮ್ಮ ಒಂದು ವರ್ಷದ ಹೊಗೆ ಭೂಮಿಯನ್ನು ಬಿಸಿ ಮಾಡುವುದು 0.0014 ಡಿಗ್ರಿಯ ಆಸುಪಾಸು. ನಾಳೆ ಬೆಳಗಿನಿಂದ ಇಡೀ ದೇಶ ಕಲ್ಲಿದ್ದಲಿನ ಒಲೆ ಆರಿಸಿ, ಲಾರಿಗಳನ್ನು ನಿಲ್ಲಿಸಿ, ಸಿಮೆಂಟ್ ಕಾರ್ಖಾನೆಗಳಿಗೆ ಬೀಗ ಜಡಿದು ಒಂದು ವರ್ಷ ಕೂತರೂ ತಪ್ಪುವ ಬಿಸಿ ಯಾವ ಹವಾಮಾನ ಕೇಂದ್ರದ ಉಷ್ಣಮಾಪಕಕ್ಕೂ ಕಾಣುವುದಿಲ್ಲ.

ಈ ಲೆಕ್ಕದಲ್ಲಿ ತಪ್ಪಿಲ್ಲ. ಹಸಿರುಮನೆ ಅನಿಲಗಳನ್ನು ತಗ್ಗಿಸುವ ರಾಷ್ಟ್ರೀಯ ಪ್ರಯತ್ನಗಳ ಪರವಾಗಿ ಮಾತಾಡಲು ಹೊರಟವರು ಮೊದಲು ಇದನ್ನು ಒಪ್ಪಿಕೊಳ್ಳಬೇಕು. ಹಿಮನದಿ ಕರಗುವ ಚಿತ್ರ ತೋರಿಸಿ, ಮೊಮ್ಮಕ್ಕಳ ಭವಿಷ್ಯ ನೆನಪಿಸಿ ಈ ಸಂಖ್ಯೆಯ ಪಕ್ಕದಿಂದ ಜಾರಿಕೊಂಡರೆ, ಕೇಳುವವರು ಒಳಗೊಳಗೇ ಅದನ್ನೇ ಗುಣಿಸುತ್ತಿರುತ್ತಾರೆ. ನಮಗಿಂತ ಸಣ್ಣ ಪಾಲಿನ ದೇಶಗಳಲ್ಲಂತೂ ಈ ಪ್ರಶ್ನೆ ಇನ್ನೂ ಜೋರು. ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ ಬ್ರಿಟನ್ನಿನದು ಶೇಕಡ 1ರ ಸುತ್ತ, ಆಸ್ಟ್ರೇಲಿಯಾದ್ದೂ ಹೆಚ್ಚುಕಡಿಮೆ ಅಷ್ಟೇ, ಜರ್ಮನಿಯದು ಶೇಕಡ 2ಕ್ಕೂ ಕಡಿಮೆ. ಅಲ್ಲಿನ ಸಂಸತ್ತುಗಳಲ್ಲಿ ಎದ್ದು ನಿಂತವರು ಚೀನಾ ಮತ್ತು ಭಾರತದ ಕಡೆ ಬೆರಳು ತೋರಿಸುತ್ತಾರೆ. ನಾವು ಅಮೆರಿಕದ ಕಡೆ ತೋರಿಸುತ್ತೇವೆ. ಹೀಗೆ ‘ನಮ್ಮದು ಶೇಕಡ ಎರಡೂ ಇಲ್ಲ’ ಎನ್ನಬಲ್ಲ ದೇಶಗಳನ್ನೆಲ್ಲ ಒಟ್ಟುಗೂಡಿಸಿದರೆ ಜಗತ್ತಿನ ಹೊಗೆಯಲ್ಲಿ ಸುಮಾರು ಮೂರನೇ ಒಂದು ಪಾಲು ಅವರದೇ.

ನೆದರ್ಲೆಂಡ್ಸ್‌ನಲ್ಲಿ ಈ ವಾದ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಉರ್ಗೆಂಡಾ ಎಂಬ ಪರಿಸರ ಸಂಸ್ಥೆ ಮತ್ತು 886 ನಾಗರಿಕರು ತಮ್ಮ ಸರ್ಕಾರದ ಮೇಲೆಯೇ ದಾವೆ ಹೂಡಿದರು: 1990ರ ಮಟ್ಟಕ್ಕಿಂತ ಕನಿಷ್ಠ ಶೇಕಡ 25ರಷ್ಟು ಅನಿಲವನ್ನು 2020ರೊಳಗೆ ಇಳಿಸಬೇಕು, ಸರ್ಕಾರ ಅಷ್ಟು ಮಾಡುತ್ತಿಲ್ಲ ಎಂದು. ನಮ್ಮ ದೇಶದ ಪಾಲು ಅತ್ಯಲ್ಪ, ನಾವು ಇಳಿಸಿದರೂ ಜಗತ್ತಿನ ತಾಪಮಾನದಲ್ಲಿ ವ್ಯತ್ಯಾಸ ಕಾಣದು ಎಂಬುದು ಸರ್ಕಾರದ ಪ್ರತಿವಾದಗಳಲ್ಲಿ ಒಂದು. 2015ರಲ್ಲಿ ಹೇಗ್‌ನ ಜಿಲ್ಲಾ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2019ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಕೂಡ ತಳ್ಳಿಹಾಕಿತು. ಪ್ರತಿ ದೇಶವೂ ತನ್ನ ಪಾಲಿಗೆ ತಾನು ಹೊಣೆ, ಯಾವ ಇಳಿಕೆಯೂ ಗಣನೆಗೆ ಬಾರದಷ್ಟು ಚಿಕ್ಕದಲ್ಲ ಎಂಬುದು ತೀರ್ಪಿನ ತಿರುಳು. ಆಮ್‌ಸ್ಟರ್‌ಡ್ಯಾಮಿನ ಕಲ್ಲಿದ್ದಲು ಸ್ಥಾವರವೊಂದು ಈ ದಾವೆಯ ಒತ್ತಡದಲ್ಲಿ ನಿಗದಿಗಿಂತ ಹಲವು ವರ್ಷ ಮೊದಲೇ ಮುಚ್ಚಿತು.

ಆ ತೀರ್ಪನ್ನು ನಾನು ಗೌರವಿಸುತ್ತೇನೆ. ವಿಜ್ಞಾನವೂ ಅದರ ಬೆನ್ನಿಗಿದೆ. ಇಂಗಾಲದ ಡೈಆಕ್ಸೈಡ್ ಎಲ್ಲಿ ಹುಟ್ಟಿದರೂ ಒಂದೆರಡು ವರ್ಷಗಳಲ್ಲಿ ಎರಡೂ ಗೋಳಾರ್ಧಗಳ ಗಾಳಿಯಲ್ಲಿ ಬೆರೆತುಹೋಗುತ್ತದೆ. ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಅಳೆಯಲು ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ 315ರಷ್ಟಿದ್ದ ಈ ಅನಿಲ ಈಗ 420ನ್ನು ದಾಟಿದೆ. ಅದರಲ್ಲಿ ರಾಯಚೂರಿನದು ಯಾವುದು, ಜರ್ಮನಿಯ ರೂರ್ ಕಣಿವೆಯದು ಯಾವುದು ಎಂದು ಯಾರೂ ಬೇರ್ಪಡಿಸಲಾರರು. ಎಲ್ಲರೂ ಸೇರಿ ಮಾಡಿದ ಸಾಲವನ್ನು ಪ್ರತಿಯೊಬ್ಬರೂ ‘ನನ್ನ ಕಂತು ಚಿಕ್ಕದು’ ಎಂದು ಕಟ್ಟದೆ ಉಳಿದರೆ ಸಾಲ ತೀರುವುದಿಲ್ಲ. ಆದರೂ ಇದು ಕರ್ತವ್ಯದ ಉತ್ತರ. ಕರ್ತವ್ಯವನ್ನು ಈಗಾಗಲೇ ನಂಬಿದವರಿಗೆ ಅದು ಸಾಕು. ಖಜಾನೆಯ ಕೀಲಿ ಕೈಯಲ್ಲಿರುವವರು ಕೇಳುವುದು ಬೇರೆ: ನಾವು ಹಣ ಸುರಿದರೆ ಜಗತ್ತಿನಲ್ಲಿ ಏನು ಬದಲಾಗುತ್ತದೆ? ಆ ಪ್ರಶ್ನೆಗೆ ಉತ್ತರ ಕೊಡುವ ಕಥೆ ಜರ್ಮನಿಯದು.

ಬರ್ಲಿನ್ ಇರುವುದು 52 ಡಿಗ್ರಿ ಉತ್ತರ ಅಕ್ಷಾಂಶದ ಆಚೆ. ವರ್ಷದಲ್ಲಿ ಅಲ್ಲಿ ಬೀಳುವ ಬಿಸಿಲು ತುಮಕೂರು ಜಿಲ್ಲೆಯ ಪಾವಗಡದಲ್ಲಿ ಬೀಳುವುದರ ಸುಮಾರು ಅರ್ಧ. ಸೌರಶಕ್ತಿಗೆ ಅದಕ್ಕಿಂತ ಒಳ್ಳೆಯ ಜಾಗಗಳು ಭೂಮಿಯ ಮೇಲೆ ಎಷ್ಟೋ ಇವೆ. ಆದರೂ 2000ದಲ್ಲಿ ಜರ್ಮನಿ ನವೀಕರಿಸಬಹುದಾದ ಇಂಧನಗಳ ಕಾನೂನನ್ನು ತಂದಿತು. ಸಂಸತ್ತಿನಲ್ಲಿ ಅದರ ಹಿಂದೆ ನಿಂತವರಲ್ಲಿ ಮುಖ್ಯರು ಸೋಷಿಯಲ್ ಡೆಮಾಕ್ರಟ್ ಪಕ್ಷದ ಹೆರ್ಮನ್ ಷೇರ್ ಮತ್ತು ಗ್ರೀನ್ ಪಕ್ಷದ ಹಾನ್ಸ್-ಯೋಸೆಫ್ ಫೆಲ್. ಕಾನೂನಿನ ಹೂರಣ ಸರಳ. ಯಾರೇ ತಮ್ಮ ಚಾವಣಿಯ ಮೇಲೆ ಸೌರಫಲಕ ಕೂರಿಸಲಿ, ಅದರಿಂದ ಬಂದ ವಿದ್ಯುತ್ತನ್ನು ವಿದ್ಯುತ್ ಜಾಲ ಕೊಂಡುಕೊಳ್ಳಲೇಬೇಕು. ಅದೂ 20 ವರ್ಷ, ಮೊದಲೇ ಗೊತ್ತುಮಾಡಿದ ದರಕ್ಕೆ. ಆ ದರ ಯೂನಿಟ್ಟಿಗೆ 99 ಫೆನಿಗ್, ಅಂದರೆ ಸುಮಾರು 50 ಯೂರೋ ಸೆಂಟ್. ಮನೆಗಳಿಗೆ ಮಾರುವ ವಿದ್ಯುತ್ತಿನ ಬೆಲೆಯ ಮೂರು ಪಟ್ಟಿಗೂ ಹೆಚ್ಚು. ಈ ಹೆಚ್ಚುವರಿ ಹಣ ಸರ್ಕಾರದ ಬೊಕ್ಕಸದಿಂದ ಬರಲಿಲ್ಲ. ಎಲ್ಲ ಗ್ರಾಹಕರ ಬಿಲ್ಲಿನಲ್ಲಿ ಒಂದು ಮೇಲ್ತೆರಿಗೆಯಾಗಿ ಸೇರಿತು.

ಬವೇರಿಯಾದ ರೈತರು ಕೊಟ್ಟಿಗೆಯ ಹೆಂಚಿನ ಮೇಲೆಲ್ಲ ಫಲಕ ಹಾಸಿದರು. 2010ರಲ್ಲಿ ಇಡೀ ಜಗತ್ತಿನಲ್ಲಿ ಹೊಸದಾಗಿ ಅಳವಡಿಸಿದ ಸೌರಫಲಕಗಳಲ್ಲಿ ಐದನೇ ಎರಡು ಭಾಗ ಆ ಒಂದೇ ದೇಶದ್ದು. ಮೇಲ್ತೆರಿಗೆ ಏರುತ್ತಾ ಏರುತ್ತಾ ಯೂನಿಟ್ಟಿಗೆ 6 ಸೆಂಟನ್ನು ದಾಟಿತು. ಅರ್ಥಶಾಸ್ತ್ರಜ್ಞರು ಸಿಟ್ಟಾದರು. ಸೌರಫಲಕಗಳಿಂದ ಒಂದು ಟನ್ ಇಂಗಾಲದ ಡೈಆಕ್ಸೈಡ್ ಉಳಿಸಲು ನೂರಾರು ಯೂರೋ ಸುರಿಯುತ್ತಿದ್ದೀರಿ, ಅದೇ ದುಡ್ಡನ್ನು ಬೇರೆಡೆ ಹಾಕಿದರೆ ಹತ್ತು ಪಟ್ಟು ಉಳಿಯುತ್ತದೆ ಎಂದರು. ಟನ್ನಿನ ಲೆಕ್ಕದಲ್ಲಿ ಅವರ ಮಾತು ಸರಿ. ಸಾವಿರಾರು ಕೋಟಿ ಯೂರೋ ಕೊಟ್ಟು ಮೋಡ ಕವಿದ ದೇಶವೊಂದು ಕೊಂಡದ್ದು ಅಷ್ಟೇನೂ ದೊಡ್ಡದಲ್ಲದ ಇಳಿಕೆ.

ಟನ್ನಿನ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಆ ಹಣದಿಂದ ನಡೆಯಿತು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಎಂಬ ಪ್ರಾಧ್ಯಾಪಕರ ಪ್ರಯೋಗಾಲಯ ಸೌರಕೋಶಗಳ ದಕ್ಷತೆಯ ದಾಖಲೆಗಳನ್ನು ಒಂದರ ಮೇಲೊಂದು ಮುರಿಯುತ್ತಿತ್ತು. ಅಲ್ಲಿ ಪಿಎಚ್‌ಡಿ ಮಾಡಿದ ಷಿ ಝೆಂಗ್‌ರೊಂಗ್ 2001ರಲ್ಲಿ ಚೀನಾಕ್ಕೆ ಮರಳಿ ವೂಷಿ ನಗರದಲ್ಲಿ ಸನ್‌ಟೆಕ್ ಕಂಪನಿ ಕಟ್ಟಿದರು. ಆಗ ಚೀನಾದಲ್ಲಿ ಸೌರಫಲಕ ಕೊಳ್ಳುವವರು ಇರಲಿಲ್ಲ ಎಂದರೂ ಸರಿಯೇ. ಕೊಳ್ಳುವವರು ಜರ್ಮನಿಯಲ್ಲಿದ್ದರು, 20 ವರ್ಷದ ಖಾತರಿ ದರ ಅವರ ಬೆನ್ನಿಗಿತ್ತು. ಬ್ಯಾಂಕುಗಳು ಸಾಲ ಕೊಟ್ಟವು, ಕಾರ್ಖಾನೆಗಳು ದೊಡ್ಡದಾದವು, ಅಕ್ಕಪಕ್ಕದಲ್ಲಿ ಇನ್ನಷ್ಟು ಎದ್ದವು. ಮುಂದೆ ಪೈಪೋಟಿಯಲ್ಲಿ ಸನ್‌ಟೆಕ್ ಮುಗ್ಗರಿಸಿ 2013ರಲ್ಲಿ ಸಾಲ ತೀರಿಸಲಾಗದೆ ನಿಂತಿತು. ಆದರೆ ಅಷ್ಟು ಹೊತ್ತಿಗೆ ಫಲಕ ಮಾಡುವ ವಿದ್ಯೆ ಒಂದು ಕಂಪನಿಯ ಸ್ವತ್ತಾಗಿ ಉಳಿದಿರಲಿಲ್ಲ.

ಬೆಲೆ ಇಳಿಯುವುದಕ್ಕೂ ಒಂದು ಕ್ರಮವಿದೆ. ಅಮೆರಿಕದ ವಿಮಾನ ಎಂಜಿನಿಯರ್ ಥಿಯೋಡೋರ್ ರೈಟ್ 1936ರಲ್ಲಿ ಒಂದು ಪ್ರಬಂಧ ಬರೆದರು. ಅದುವರೆಗೆ ಕಟ್ಟಿದ ವಿಮಾನಗಳ ಒಟ್ಟು ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಒಂದು ವಿಮಾನಕ್ಕೆ ಬೇಕಾಗುವ ದುಡಿಮೆ ಒಂದು ನಿಶ್ಚಿತ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ ಎಂದು ಅವರು ಕಂಡುಕೊಂಡಿದ್ದರು. ಸೌರಫಲಕಗಳೂ ಇದೇ ದಾರಿ ಹಿಡಿದಿವೆ: ಒಟ್ಟು ಉತ್ಪಾದನೆ ಇಮ್ಮಡಿಯಾದ ಪ್ರತಿ ಸಲ ಬೆಲೆ ಸುಮಾರು ಶೇಕಡ 20ರಷ್ಟು ಕೆಳಗೆ. ಇದರಲ್ಲಿ ಪವಾಡವೇನೂ ಇಲ್ಲ. ಸಿಲಿಕಾನ್ ಗಟ್ಟಿಯನ್ನು ಬಿಲ್ಲೆಗಳಾಗಿ ಕೊಯ್ಯಲು ವಜ್ರದ ಪುಡಿ ಅಂಟಿಸಿದ ತಂತಿ ಬಂತು, ಕೊಯ್ತದಲ್ಲಿ ಪುಡಿಯಾಗಿ ಹೋಗುತ್ತಿದ್ದ ಸಿಲಿಕಾನ್ ಉಳಿಯಿತು. ಬಿಲ್ಲೆ ತೆಳುವಾಯಿತು. ಬೆಳ್ಳಿಯ ಗೆರೆಗಳು ಸಪುರವಾದವು. ಒಂದು ವ್ಯಾಟ್ ಸಾಮರ್ಥ್ಯಕ್ಕೆ 2004ರ ಹೊತ್ತಿಗೆ 16 ಗ್ರಾಂನಷ್ಟು ಬೇಕಿದ್ದ ಸಿಲಿಕಾನ್ ಈಗ ಎರಡು ಮೂರು ಗ್ರಾಂ ಸಾಕು. ಇಂಥ ನೂರು ಸಣ್ಣ ಜಾಣ್ಮೆಗಳು ಹೊಳೆಯುವುದು ಲಕ್ಷಗಟ್ಟಲೆ ಫಲಕ ಮಾಡುತ್ತಾ ಹೋದಾಗ. ಇಲ್ಲಿ ಗಮನಿಸಬೇಕಾದ್ದು, ರೈಟ್ ಸೂತ್ರದಲ್ಲಿ ಕಾಲಕ್ಕೆ ಜಾಗವೇ ಇಲ್ಲ. ವರ್ಷಗಳು ಉರುಳಿದ್ದಕ್ಕೆ ಬೆಲೆ ಇಳಿಯುವುದಿಲ್ಲ, ಮಾಡಿದ್ದಕ್ಕೆ ಇಳಿಯುತ್ತದೆ. ದುಬಾರಿಯಾಗಿರುವಾಗ ಯಾರಾದರೂ ಕೊಳ್ಳದೆ ಹೋದರೆ ಆ ವಸ್ತು ದುಬಾರಿಯಾಗಿಯೇ ಉಳಿಯುತ್ತದೆ. ಜರ್ಮನಿಗೂ ಮೊದಲು ಜಪಾನ್ 1990ರ ದಶಕದಲ್ಲಿ ಮನೆಮನೆಯ ಚಾವಣಿಗೆ ಸಹಾಯಧನ ಕೊಟ್ಟು ಹೀಗೆ ಕೊಂಡಿತ್ತು. ಅದಕ್ಕೂ ಮುಂಚೆ ಅಮೆರಿಕ ತನ್ನ ಉಪಗ್ರಹಗಳಿಗಾಗಿ ಕೊಂಡಿತ್ತು.

ಈ ಇಳಿಕೆ ನಮ್ಮಲ್ಲಿಗೆ ಬಂದ ದಾರಿಯನ್ನು ಹರಾಜುಗಳ ದರದಲ್ಲಿ ಓದಬಹುದು. ರಾಷ್ಟ್ರೀಯ ಸೌರ ಮಿಷನ್ ಆರಂಭವಾದ 2010ರಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಸೌರ ವಿದ್ಯುತ್ತಿಗೆ ಕಟ್ಟಿದ ದರ ಯೂನಿಟ್ಟಿಗೆ 17 ರೂಪಾಯಿ 91 ಪೈಸೆ. ಮೊದಲ ಹರಾಜಿನಲ್ಲಿ ಬಂದ ಅತಿ ಕಡಿಮೆ ಬಿಡ್ 10 ರೂಪಾಯಿ 95 ಪೈಸೆ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಾದ್ಲಾದಲ್ಲಿ 2 ರೂಪಾಯಿ 44 ಪೈಸೆ, 2020ರ ಕೊನೆಗೆ ಗುಜರಾತಿನ ಹರಾಜಿನಲ್ಲಿ 1 ರೂಪಾಯಿ 99 ಪೈಸೆ. ಮೊದಲು ಕಟ್ಟಿದ ದರದ ಒಂಬತ್ತನೇ ಒಂದು ಭಾಗ! ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳ 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದದ್ದು ಈ ಅವಧಿಯಲ್ಲೇ. ಮಳೆಗಾಲ ಮತ್ತೆ ಮತ್ತೆ ಕೈಕೊಟ್ಟ ನೆಲ ಅದು. ಸರ್ಕಾರ ಜಮೀನನ್ನು ವಶಪಡಿಸಿಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಗುತ್ತಿಗೆಗೆ ರೈತರಿಂದ ಪಡೆಯಿತು. ಜಮೀನಿದ್ದವರಿಗೆ ಬಾಡಿಗೆ ಬಂತು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ, ಕುರಿ ಮೇಯಿಸುವವರಿಗೆ ಮೇವಿನ ನೆಲ ಹೋಯಿತು. ಮುಂದಿನ ಉದ್ಯಾನಗಳ ಕರಾರು ಬರೆಯುವವರು ಮೊದಲು ನೋಡಬೇಕಾದ್ದು ಇದನ್ನು. ಆದರೆ ಪಾವಗಡದ ಬಿಸಿಲು ಕಲ್ಲಿದ್ದಲಿಗಿಂತ ಅಗ್ಗವಾದದ್ದರಲ್ಲಿ ಬವೇರಿಯಾದ ವಿದ್ಯುತ್ ಬಿಲ್ಲುಗಳ ಪಾತ್ರ ದೊಡ್ಡದು. ಜರ್ಮನಿಯ ನಿಜವಾದ ಕೊಡುಗೆ ಅದು ಬಿಡದೆ ಉಳಿಸಿದ ಹೊಗೆಯಲ್ಲ. ಉಳಿದ ದೇಶಗಳು ಬಿಡಬೇಕಾಗಿಯೇ ಬಾರದ ಹೊಗೆ.

ನನ್ನ ವಾದ ನಿಂತಿರುವುದು ಇಲ್ಲಿ. ಒಂದು ದೇಶದ ಪ್ರಯತ್ನವನ್ನು ಆ ದೇಶದ ಗಡಿಯೊಳಗಿನ ಟನ್ನುಗಳಲ್ಲಿ ಮಾತ್ರ ಅಳೆಯುವುದು ಅಳತೆಯ ದೋಷ. ಹೊಗೆ ದೇಶದೇಶಗಳ ಪಾಲಾಗಿ ಹಂಚಿಹೋಗಿದೆ, ಹಾಗಾಗಿ ಪ್ರತಿ ಪಾಲೂ ಚಿಕ್ಕದು. ಬೆಲೆ ಹಾಗೆ ಹಂಚಿಹೋಗುವುದಿಲ್ಲ. ಒಮ್ಮೆ ಇಳಿದ ಬೆಲೆ ಬ್ರೆಜಿಲ್‌ಗೂ ಕೆನ್ಯಾಕ್ಕೂ ವಿಯೆಟ್ನಾಂಗೂ ಒಟ್ಟಿಗೇ ಇಳಿಯುತ್ತದೆ. 0.0014 ಡಿಗ್ರಿಯ ಲೆಕ್ಕ ಸರಿಯಾಗಿದ್ದೂ ಸಾಲದಾಗುವುದು ಈ ಕಾರಣಕ್ಕೆ.

ಇದು ಸಿರಿವಂತ ದೇಶಗಳಿಗೆ ಮಾತ್ರ ಸಲ್ಲುವ ಮಾತು ಎಂದುಕೊಂಡರೆ ಎಲ್‌ಇಡಿ ಬಲ್ಬನ್ನು ನೋಡಿ. 2014ರ ಆರಂಭದಲ್ಲಿ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಇಇಎಸ್‌ಎಲ್ ಒಂದು ಬಲ್ಬನ್ನು ಕೊಂಡ ಬೆಲೆ 310 ರೂಪಾಯಿ. ಮರುವರ್ಷ ಉಜಾಲಾ ಯೋಜನೆ ಬಂದು ಕೋಟಿಗಟ್ಟಲೆ ಬಲ್ಬುಗಳಿಗೆ ಒಟ್ಟಿಗೇ ಟೆಂಡರ್ ಕರೆದಾಗ ಬೆಲೆ ಮೆಟ್ಟಿಲಿಳಿಯುತ್ತಾ 2016ರಲ್ಲಿ 38 ರೂಪಾಯಿಗೆ ಬಂತು. ಬಲ್ಬಿಗೆ ಸಹಾಯಧನವಿರಲಿಲ್ಲ. ಇದ್ದದ್ದು ‘ಇಷ್ಟು ಕೋಟಿ ಕೊಳ್ಳುತ್ತೇವೆ’ ಎಂಬ ಖಾತರಿ. ಯೋಜನೆಯಲ್ಲಿ ಹಂಚಿದ ಬಲ್ಬುಗಳು 36 ಕೋಟಿಗೂ ಹೆಚ್ಚು. ಅಂಗಡಿಯಲ್ಲಿನ ಬೆಲೆಯೂ ಅದರ ಹಿಂದೆಯೇ ಇಳಿದು ಯೋಜನೆಯ ಹೊರಗಿನವರೂ ಕೊಳ್ಳುವಂತಾಯಿತು. 60 ವ್ಯಾಟಿನ ಹಳೆಯ ಬುರುಡೆ ಬಲ್ಬಿನ ಜಾಗದಲ್ಲಿ 9 ವ್ಯಾಟಿನದು ಉರಿಯುವಾಗ ಹಳ್ಳಿಯ ಮನೆಯೊಂದು ವಿದ್ಯುತ್ ಬಿಲ್ಲಿನಲ್ಲಿ ಉಳಿಸಿದ್ದು ಅದರದೇ ಹಣ. ಹವಾಮಾನದ ಹೆಸರೆತ್ತದೆ ಜನರನ್ನು ಒಪ್ಪಿಸಿದ ಹವಾಮಾನ ಕಾರ್ಯಕ್ರಮ ಇದು. ಇದರಿಂದ ನಾವು ಇನ್ನೂ ಹೆಚ್ಚು ಕಲಿಯಬೇಕಿತ್ತು ಎಂಬುದು ನನ್ನ ಭಾವನೆ.

‘ಮೊದಲು ಅವರು ಮಾಡಲಿ’ ಎಂಬ ಮಾತಿಗೆ ಬರುತ್ತೇನೆ. ಅದರ ಹಿಂದೆ ಸತ್ಯವಿದೆ, ಅದನ್ನು ಬಿಟ್ಟುಕೊಡಬೇಕಾಗಿಲ್ಲ. 1990ರಲ್ಲಿ ಅಮೆರಿಕದ ಸಂಸ್ಥೆಯೊಂದು ಭತ್ತದ ಗದ್ದೆ, ದನಕರುಗಳ ಮೀಥೇನನ್ನೂ ಸೇರಿಸಿ ಭಾರತವನ್ನು ಜಗತ್ತಿನ ದೊಡ್ಡ ಮಲಿನಕಾರರ ಪಟ್ಟಿಗೆ ಹಾಕಿದಾಗ, ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಮರುವರ್ಷ ಒಂದು ಚಿಕ್ಕ ಪುಸ್ತಕದಲ್ಲಿ ಅದನ್ನು ಸೀಳಿಹಾಕಿದರು. ಬದುಕಲು ಬೇಕಾದ ಹೊಗೆಯನ್ನೂ ಭೋಗದ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ಅವರ ಮಾತು ಅಂತರರಾಷ್ಟ್ರೀಯ ಮಾತುಕತೆಗಳ ಭಾಷೆಯನ್ನೇ ಬದಲಿಸಿತು. ಇವತ್ತಿಗೂ ಒಬ್ಬ ಭಾರತೀಯನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಎರಡು ಟನ್ನಿನ ಸುತ್ತ, ಅಮೆರಿಕದವನದು ಅದರ ಆರೇಳು ಪಟ್ಟು. ಕೈಗಾರಿಕಾ ಯುಗದಿಂದ ಈಚೆಗೆ ಗಾಳಿಗೆ ಸೇರಿಸಿದ್ದರಲ್ಲಿ ಕಾಲು ಭಾಗದಷ್ಟು ಅಮೆರಿಕದ್ದೇ. ಈ ನ್ಯಾಯದ ಲೆಕ್ಕ ಹಣ ಯಾರು ಕೊಡಬೇಕು, ಯಾರು ಮೊದಲು ಓಡಬೇಕು ಎಂಬುದನ್ನು ಹೇಳುತ್ತದೆ. ನಾವು ಕೈಕಟ್ಟಿ ಕೂರುವುದು ನಮಗೆ ಲಾಭವೇ ಎಂಬುದನ್ನು ಅದು ಹೇಳುವುದಿಲ್ಲ. ಮೇ ತಿಂಗಳ ಕಲಬುರಗಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವನ ಮೈಮೇಲೆ ಬೀಳುವ ಬಿಸಿಗೆ ತಪ್ಪು ಯಾರದ್ದೆಂಬ ತೀರ್ಮಾನದಿಂದ ನೆರಳು ಸಿಗದು.

ವಾದ ಮಾಡುವವರು ನಮ್ಮದೇ ಸಾಧನೆಯ ಸಂಖ್ಯೆಗಳನ್ನೂ ಬಿಡಿಸಿ ಹೇಳಬೇಕು. ಭಾರತದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲಗಳಿಂದ ಹೊರತಾದ ಮೂಲಗಳದ್ದು. 2030ಕ್ಕೆಂದು ಇಟ್ಟುಕೊಂಡಿದ್ದ ಆ ಗುರಿ 2025ರಲ್ಲೇ ಮುಟ್ಟಿತು. ಇದು ನಿಜ, ಹೆಮ್ಮೆಯ ಸಂಗತಿ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ರಾತ್ರಿ ಮಲಗುವ ಸೌರ ಸ್ಥಾವರ ವರ್ಷದಲ್ಲಿ ತನ್ನ ಪೂರ್ಣ ಸಾಮರ್ಥ್ಯದ ನಾಲ್ಕನೇ ಒಂದು ಭಾಗದಷ್ಟನ್ನೋ ಅದಕ್ಕಿಂತ ಕಡಿಮೆಯನ್ನೋ ಕೊಡುತ್ತದೆ. ನಾವು ಬಳಸುವ ವಿದ್ಯುತ್ತಿನಲ್ಲಿ ಹತ್ತರಲ್ಲಿ ಏಳು ಪಾಲು ಈಗಲೂ ಕಲ್ಲಿದ್ದಲಿನದು. ಹಾಗೆಯೇ 2005ರಿಂದ 2020ರ ನಡುವೆ ಶೇಕಡ 36ರಷ್ಟು ಇಳಿದದ್ದು ಹೊರಸೂಸುವಿಕೆಯ ತೀವ್ರತೆ, ಅಂದರೆ ಒಂದು ರೂಪಾಯಿ ಆದಾಯ ಗಳಿಸಲು ಬಿಡುವ ಅನಿಲ. ಒಟ್ಟು ಅನಿಲ ಏರಿಯೇ ಇದೆ. ಬಡತನದಿಂದ ಮೇಲೇಳುತ್ತಿರುವ ದೇಶಕ್ಕೆ ತೀವ್ರತೆಯ ಅಳತೆ ನ್ಯಾಯವಾದದ್ದೇ. ಅದನ್ನು ಹಾಗೆಂದೇ ಹೇಳಬೇಕು. ಅರ್ಧ ವಿದ್ಯುತ್ ಹಸಿರಾಯಿತು ಎಂದು ಭಾಷಣದಲ್ಲಿ ಕೇಳಿದ ವಿದ್ಯಾರ್ಥಿ ಮನೆಗೆ ಹೋಗಿ ಉತ್ಪಾದನೆಯ ಅಂಕಿಅಂಶ ನೋಡಿದರೆ, ಆಮೇಲೆ ಹೇಳುವ ನಿಜವನ್ನೂ ನಂಬುವುದಿಲ್ಲ.

ಬ್ರಿಟನ್ ಈ ವಿಷಯದಲ್ಲಿ ಒಂದು ಒಳ್ಳೆಯ ಪದ್ಧತಿ ಹಾಕಿಕೊಂಡಿದೆ. 2008ರ ಹವಾಮಾನ ಕಾನೂನು ಐದೈದು ವರ್ಷಕ್ಕೆ ಇಂಗಾಲದ ಮಿತಿ ಕಟ್ಟಿ, ಸರ್ಕಾರದ ಹಂಗಿಲ್ಲದ ತಜ್ಞರ ಸಮಿತಿಯೊಂದು ಪ್ರತಿವರ್ಷ ಸಂಸತ್ತಿನ ಮುಂದೆ ಲೆಕ್ಕ ಒಪ್ಪಿಸುವಂತೆ ಮಾಡಿತು. 2012ರಲ್ಲಿ ಅಲ್ಲಿನ ವಿದ್ಯುತ್ತಿನಲ್ಲಿ ಶೇಕಡ 40ರಷ್ಟಿದ್ದ ಕಲ್ಲಿದ್ದಲು 2024ರ ಸೆಪ್ಟೆಂಬರ್ 30ರಂದು ರ‍್ಯಾಟ್‌ಕ್ಲಿಫ್ ಸ್ಥಾವರದ ಜೊತೆ ಕೊನೆಗೊಂಡಿತು. ಲಂಡನ್ನಿನಲ್ಲಿ 1882ರಲ್ಲಿ ಶುರುವಾದ ಕಲ್ಲಿದ್ದಲು ವಿದ್ಯುತ್ತಿನ ಅಧ್ಯಾಯ 142 ವರ್ಷಕ್ಕೆ ಮುಗಿಯಿತು.

ಇನ್ನು ಸೌರಫಲಕಕ್ಕೆ ವಕಾಲತ್ತು ಬೇಕಿಲ್ಲ. ಅದು ತನ್ನ ಬೆಲೆಯ ಬಲದಿಂದಲೇ ಮಾರಾಟವಾಗುತ್ತದೆ. ಲಿಥಿಯಂ ಬ್ಯಾಟರಿಯೂ 2010ರಿಂದ ಈಚೆಗೆ ಹತ್ತನೇ ಒಂದು ಬೆಲೆಗೆ ಇಳಿದು ಅದೇ ದಾರಿಯಲ್ಲಿದೆ. ರಾಷ್ಟ್ರೀಯ ಪ್ರಯತ್ನ ಎಂಬ ಮಾತಿಗೆ ಈಗ ಅರ್ಥ ಬರುವುದು ಯಾರೂ ಇನ್ನೂ ಮೊದಲ ಗ್ರಾಹಕರಾಗದ ಜಾಗಗಳಲ್ಲಿ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ದೇಶದಲ್ಲೇ ಅತಿ ದೊಡ್ಡವುಗಳ ಸಾಲಿನದು. ಅದಿರಿನಿಂದ ಆಮ್ಲಜನಕವನ್ನು ಕಿತ್ತು ಕಬ್ಬಿಣ ಉಳಿಸುವ ಕೆಲಸವನ್ನು ಊದುಕುಲುಮೆಯಲ್ಲಿ ಕಲ್ಲಿದ್ದಲಿನ ಇಂಗಾಲ ಮಾಡುತ್ತದೆ. ಆಮ್ಲಜನಕ ಇಂಗಾಲದ ಜೊತೆ ಸೇರಿ ಹೊರಬೀಳುವುದೇ ಇಂಗಾಲದ ಡೈಆಕ್ಸೈಡ್. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಎರಡೂವರೆ ಟನ್ ಅನಿಲ. ಚಾವಣಿಗೆಷ್ಟು ಸೌರಫಲಕ ಹಾಕಿದರೂ ಈ ರಸಾಯನಕ್ರಿಯೆ ಬದಲಾಗದು. ಇಂಗಾಲದ ಜಾಗಕ್ಕೆ ಜಲಜನಕವನ್ನು ತಂದರೆ ಬದಲಾಗುತ್ತದೆ: ಆಗ ಹೊರಬೀಳುವುದು ನೀರಾವಿ. ಸ್ವೀಡನ್ನಿನ ಹೈಬ್ರಿಟ್ ಯೋಜನೆ 2021ರಲ್ಲಿ ಹೀಗೆ ಮಾಡಿದ ಉಕ್ಕನ್ನು ವೋಲ್ವೋ ಕಂಪನಿಗೆ ಕೊಟ್ಟು ತೋರಿಸಿತು. ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಮಾಡಬಹುದು. ಬಿಸಿಲೂ ಅದಿರೂ ಅಕ್ಕಪಕ್ಕದಲ್ಲಿರುವ ಸೀಮೆ ಬಳ್ಳಾರಿ. ಅಂಥ ಉಕ್ಕು ಇವತ್ತು ದುಬಾರಿ. 2000ದಲ್ಲಿ ಸೌರಫಲಕ ದುಬಾರಿಯಾಗಿದ್ದ ಹಾಗೆಯೇ.

2024ರ ಡಿಸೆಂಬರಿನಲ್ಲಿ ಕೇಂದ್ರ ಉಕ್ಕು ಸಚಿವಾಲಯ ಹಸಿರು ಉಕ್ಕಿಗೆ ವ್ಯಾಖ್ಯೆ ಕೊಟ್ಟಿತು: ಟನ್ನಿಗೆ 2.2 ಟನ್ನಿಗಿಂತ ಕಡಿಮೆ ಅನಿಲ ಬಿಟ್ಟರೆ ಮೂರು ನಕ್ಷತ್ರ, 1.6ಕ್ಕಿಂತ ಕಡಿಮೆಯಾದರೆ ಐದು. ವ್ಯಾಖ್ಯೆಯಿಂದ ಬೆಲೆ ಇಳಿಯುವುದಿಲ್ಲ. ಬಲ್ಬಿನ ವಿಷಯದಲ್ಲಿ ಮಾಡಿದಂತೆ, ರೈಲು ಹಳಿಗೆ, ಮೇಲ್ಸೇತುವೆಗೆ, ಮೆಟ್ರೋಗೆ ಬೇಕಾದ ಉಕ್ಕಿನಲ್ಲಿ ಇಷ್ಟು ಪಾಲು ಐದು ನಕ್ಷತ್ರದ್ದೇ ಆಗಿರಬೇಕೆಂದು, ಇಷ್ಟು ವರ್ಷ ಕೊಳ್ಳುತ್ತೇವೆಂದು ಸರ್ಕಾರ ಟೆಂಡರಿನಲ್ಲಿ ಬರೆಯಬೇಕು. ಉಕ್ಕಿನ ದೊಡ್ಡ ಗ್ರಾಹಕರಲ್ಲಿ ಸರ್ಕಾರವೂ ಒಂದು, ಆ ಅಧಿಕಾರ ಅದರ ಕೈಯಲ್ಲೇ ಇದೆ. ಮೊದಲ ಕೆಲವು ಸೇತುವೆಗಳ ಖರ್ಚು ಹೆಚ್ಚಾಗುತ್ತದೆ. ಆ ಹೆಚ್ಚಳ ಎಷ್ಟು, ಯಾವ ಇಲಾಖೆಯ ಲೆಕ್ಕದಲ್ಲಿ, ಎಷ್ಟು ವರ್ಷ ಎಂಬುದನ್ನು ಶಾಸಕರ ಮುಂದೆ, ಸಂಸದರ ಮುಂದೆ ಕಾಗದದ ಮೇಲೆ ಇಟ್ಟು ಕೇಳಲು ಇದು ಸರಿಯಾದ ಹೊತ್ತು.